ಫೋಟೋದಲ್ಲಿದ್ದ ಹಂಪಿ, ಕಣ್ಣೆದುರಿನ ಹಂಪಿ

ಪ್ರಶ್ನೆ: ದಸರಾ ರಜೆಯಲ್ಲಿ ಮನೆಯವರೆಲ್ಲ ಹಂಪಿಗೆ ಹೋಗಿದ್ದೆವು. ಹದಿನಾರು ವರ್ಷದ ಮಗಳು ಕಲ್ಲಿನ ರಥದ ಎದುರು ನಿಂತು, "ಇಷ್ಟೇ ಏನಮ್ಮ? ಫೋಟೋದಲ್ಲಿ ಬೇರೆಯೇ ಬಣ್ಣ ಇತ್ತಲ್ಲ" ಎಂದಳು. ಅಲ್ಲೇ ಫೋನಿನಲ್ಲಿ ಒಂದು ಫೋಟೋ ತೆಗೆದು, ಫಿಲ್ಟರ್ ಹಾಕಿ, "ಈಗ ಸರಿಯಾಯಿತು" ಎಂದು ತೋರಿಸಿದಳು. ತನ್ನ ಮುಖದ ಫೋಟೋವನ್ನೂ ಫಿಲ್ಟರ್ ಇಲ್ಲದೆ ಇಟ್ಟುಕೊಳ್ಳುವುದಿಲ್ಲ; ನಾನು ತೆಗೆದದ್ದನ್ನೆಲ್ಲ ಅಳಿಸಿಬಿಡುತ್ತಾಳೆ. ಈ ಫಿಲ್ಟರ್‌ಗಳು ಫೋಟೋವನ್ನಷ್ಟೇ ಬದಲಿಸುತ್ತವೆಯೋ, ನೋಡುವ ಕಣ್ಣನ್ನೂ ಬದಲಿಸುತ್ತವೆಯೋ? ನಾನು ಫೋನ್ ಕಿತ್ತುಕೊಳ್ಳಬೇಕೇ, ಸುಮ್ಮನಿರಬೇಕೇ?
ತುಮಕೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಈಗ ಸರಿಯಾಯಿತು" ಎಂಬ ಮಾತು. "ಈಗ ಚೆಂದವಾಯಿತು" ಎಂದಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಚೆಂದ ಮಾಡಿಕೊಳ್ಳುವ ಆಸೆ ಎಲ್ಲ ಕಾಲದ ಮಕ್ಕಳಿಗೂ ಇದ್ದದ್ದೇ. ಆದರೆ "ಸರಿ" ಎನ್ನಬೇಕಾದರೆ ಮನಸ್ಸಿನಲ್ಲಿ ಒಂದು ಅಳತೆಗೋಲು ಇರಬೇಕು. ನಿಮ್ಮ ಮಗಳಿಗೆ ಫೋಟೋ ಅಳತೆಗೋಲಾಯಿತು. ಕಲ್ಲನ್ನು ಅದರಿಂದ ಅಳೆದಳು. ಐನೂರು ವರ್ಷದಿಂದ ಅಲ್ಲಿ ನಿಂತಿರುವ ಬಂಡೆಯದೇ ಬಣ್ಣ ತಪ್ಪಿದೆ ಎಂದು ಆ ಕ್ಷಣ ಅವಳಿಗೆ ಕಂಡಿತು.

ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ಫಿಲ್ಟರ್ ನೋಡುವ ಕಣ್ಣನ್ನೂ ಬದಲಿಸುತ್ತದೆ. ಇದು ಅಲಂಕಾರದ ಮಾತಲ್ಲ, ಪ್ರಯೋಗಶಾಲೆಯಲ್ಲಿ ಅಳೆದು ನೋಡಿರುವ ಸಂಗತಿ. ಹಾಗೆ ಬದಲಾದ ಕಣ್ಣನ್ನು ಮರಳಿ ತರಬಹುದು ಎಂಬುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಫೋನ್ ಕಿತ್ತುಕೊಳ್ಳಬೇಡಿ. ಯಾಕೆ ಎಂಬುದನ್ನು ಮಾತ್ರ ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗುತ್ತದೆ.

ನಮ್ಮ ತಂದೆಯದು ಸಣ್ಣ ಊರಿನ ಫೋಟೋ ಸ್ಟುಡಿಯೋ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಟಚಿಂಗ್ ಕೆಲಸಕ್ಕೆ ಕುಳಿತವನು. ಇಂದಿನವರಿಗೆ ಆ ಕೆಲಸದ ಪರಿಚಯ ಇರಲಾರದು. ಇಳಿಜಾರಾದ ಮರದ ಡೆಸ್ಕು, ಅದರ ನಡುವೆ ಹಾಲುಗಾಜಿನ ಕಿಟಕಿ, ಗಾಜಿನ ಹಿಂದೆ ಬೆಳಕು, ಗಾಜಿನ ಮೇಲೆ ನೆಗೆಟಿವ್. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ತಿಳಿಯಾಗಿ, ಬೆಳಕು ಸೋರುವ ತೂತಿನಂತೆ ಕಾಣುತ್ತದೆ. ಮೊದಲು ಹತ್ತಿಯಿಂದ ತೆಳ್ಳಗೆ ವಾರ್ನಿಷ್ ಸವರಬೇಕು. ಇಲ್ಲದಿದ್ದರೆ ನುಣುಪಾದ ಫಿಲಂ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಪೆನ್ಸಿಲ್ಲಿನ ಸೀಸವನ್ನು ಮರಳುಕಾಗದದ ಮೇಲೆ ಉಜ್ಜಿ ಸೂಜಿಯಷ್ಟು ಚೂಪು ಮಾಡಿಕೊಂಡು, ಆ ತೂತನ್ನು ಚುಕ್ಕಿ ಚುಕ್ಕಿಯಾಗಿ ಮುಚ್ಚುತ್ತಾ ಬರಬೇಕು. ಅಲ್ಲಿ ಬೆಳಕು ಸೋರುವುದು ನಿಂತರೆ ಪ್ರಿಂಟಿನಲ್ಲಿ ಕಲೆ ಮಾಯ. ಕಣ್ಣಿನ ಕೆಳಗಿನ ಕಪ್ಪು, ಸಿಡುಬಿನ ಗುಳಿ, ಹಣೆಯ ಗೆರೆ, ಎಲ್ಲಕ್ಕೂ ಅದೇ ಮದ್ದು. ಗಂಡಿನ ಕಡೆಯವರಿಗೆ ಕಳುಹಿಸುವ ಫೋಟೋ ಎಂದರೆ ಒಂದೊಂದು ಮುಖಕ್ಕೆ ಒಂದೊಂದು ಗಂಟೆ ಹಿಡಿಯುತ್ತಿತ್ತು. ಇವತ್ತು ನಿಮ್ಮ ಮಗಳ ಫೋನು, ಅವಳು ಕ್ಯಾಮೆರಾದ ಮುಂದೆ ತಲೆ ಅಲ್ಲಾಡಿಸುತ್ತಿರುವಾಗಲೇ, ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ಅದನ್ನು ಮಾಡಿ ಮುಗಿಸುತ್ತದೆ.

ಆದ್ದರಿಂದ "ನಮ್ಮ ಕಾಲದ ಫೋಟೋ ನಿಜ, ಈಗಿನದು ಸುಳ್ಳು" ಎಂದು ನಾನು ಹೇಳಲಾರೆ. ಹಂಪಿಯನ್ನೇ ತೆಗೆದುಕೊಳ್ಳಿ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಫೋಟೋಗಳನ್ನು ತೆಗೆದ. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕು ತಾಗುತ್ತಿದ್ದಷ್ಟು ಕೆಂಪು, ಹಳದಿ ತಾಗುತ್ತಿರಲಿಲ್ಲ. ಅದಕ್ಕಾಗಿಯೇ ಅಂದಿನ ಫೋಟೋಗಳಲ್ಲಿ ಆಕಾಶ ಸಾಮಾನ್ಯವಾಗಿ ಒಂದು ಮೋಡವೂ ಇಲ್ಲದೆ ಬಿಳಿಚಿಕೊಂಡಿರುತ್ತದೆ. ಗ್ರೀನ್‌ಲಾ ತೆಗೆದ ಕಲ್ಲಿನ ರಥದ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಇದೆ. ಅದನ್ನು ಆಮೇಲೆ ತೆಗೆದುಹಾಕಿದರು. ನೀವು ನೋಡಿದ ರಥಕ್ಕೆ ಶಿಖರ ಇಲ್ಲ. ಆ ಫೋಟೋವನ್ನು ಬಾಲ್ಯದಿಂದ ನೋಡಿಕೊಂಡು ಬೆಳೆದ ಯಾರಾದರೂ ಇಂದು ಅಲ್ಲಿಗೆ ಹೋದರೆ ಅವರೂ ನಿಮ್ಮ ಮಗಳಂತೆಯೇ "ಇಷ್ಟೇ ಏನು?" ಎನ್ನಬಹುದು.

ಫಿಲ್ಟರ್ ಎಂಬ ಮಾತಾದರೂ ಹೊಸದಲ್ಲ. ಅದು ಲೆನ್ಸಿನ ಮುಂದೆ ಇಡುವ ಬಣ್ಣದ ಗಾಜಿನ ಹೆಸರು. 1927ರಲ್ಲಿ ಅಮೆರಿಕದ ಛಾಯಾಗ್ರಾಹಕ ಆ್ಯನ್ಸೆಲ್ ಆ್ಯಡಮ್ಸ್ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಗಾಜಿನ ಮೂಲಕ ತೆಗೆದರು. ಅದು ತಮ್ಮ ಮನಸ್ಸಿನಲ್ಲಿದ್ದ ಬಂಡೆಯಲ್ಲ ಎನಿಸಿ, ಕೊನೆಯ ಪ್ಲೇಟಿಗೆ ಕಡುಗೆಂಪು ಗಾಜನ್ನು ಹಾಕಿದರು. ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಆ ಮಧ್ಯಾಹ್ನ ಆಕಾಶ ಕಪ್ಪಾಗಿರಲಿಲ್ಲ. ಅವರ ಫೋಟೋವನ್ನು ಯಾರೂ ಮೋಸ ಎನ್ನುವುದಿಲ್ಲ, ನಾನೂ ಎನ್ನುವುದಿಲ್ಲ. ಅಂದು ಅವರ ಮುಂದೆ ಎರಡು ಗಾಜುಗಳಿದ್ದವು, ಎರಡರ ವ್ಯತ್ಯಾಸ ಗೊತ್ತಿತ್ತು, ಆರಿಸಿಕೊಂಡವರು ಅವರೇ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದೇ ಮಾತಿಗೆ ಬರುತ್ತೇನೆ.

ಇನ್ನು ಫೋನಿನ ಕ್ಯಾಮೆರಾ. ಫಿಲ್ಟರ್ ಒತ್ತದೆ ತೆಗೆದರೆ ಅದು ಇದ್ದದ್ದನ್ನು ಇದ್ದಹಾಗೆ ಕೊಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದರ ಒಳಗೆ ಬೆಳಕನ್ನು ಹಿಡಿಯುವ ಸಂವೇದಕದ (ಸೆನ್ಸರ್) ಮೇಲೆ ಬಣ್ಣದ ಚೌಕಗಳ ಒಂದು ಜಾಲರಿ ಇರುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದ ಈ ಜಾಲರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಪ್ರತಿ ನಾಲ್ಕು ಚೌಕಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅಂದರೆ ಒಂದೊಂದು ಚುಕ್ಕಿಯೂ ಒಂದೇ ಬಣ್ಣವನ್ನು ಅಳೆಯುತ್ತದೆ. ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕಿಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ಆಮೇಲೆ ನೆರಳನ್ನು ಎತ್ತುವುದು, ಆಕಾಶವನ್ನು ಇಳಿಸುವುದು, ಹತ್ತಾರು ಫ್ರೇಮುಗಳನ್ನು ಒಂದರ ಮೇಲೊಂದು ಇಟ್ಟು ಒಂದೇ ಚಿತ್ರ ಮಾಡುವುದು, ಎಲೆಯ ಹಸಿರಿಗೆ ಸ್ವಲ್ಪ ಮೆರುಗು ಕೊಡುವುದು, ಎಲ್ಲವೂ ನೀವು ಬಟನ್ ಒತ್ತಿ ಕೈ ಇಳಿಸುವಷ್ಟರಲ್ಲಿ ನಡೆದುಹೋಗಿರುತ್ತದೆ.

ನನಗೆ ಇದರಲ್ಲಿ ನಿಜವಾಗಿ ನೋವಾಗುವುದು ಒಂದು ವಿಷಯಕ್ಕೆ. ನಮ್ಮ ಭಾಷೆಯಲ್ಲಿ ಗೋಧೂಳಿ ಎಂಬ ಮಾತಿದೆ. ದನಗಳು ಮನೆಗೆ ಮರಳುವ ಹೊತ್ತಿನ ಧೂಳಿಗೂ ಆ ಹೊತ್ತಿನ ಮಂದ ಬೆಳಕಿಗೂ ಸೇರಿ ಒಂದೇ ಹೆಸರು. ಇಂದಿನ ಫೋನನ್ನು ಆ ಹೊತ್ತಿಗೆ ಹಿಡಿದು ನೋಡಿ. ಅದು ಕತ್ತಲನ್ನು ದೋಷವೆಂದು ಎಣಿಸಿ ಬೆಳಗುತ್ತದೆ, ಧೂಳನ್ನು ಕಲೆಯೆಂದು ಎಣಿಸಿ ಒರೆಸುತ್ತದೆ. ಆಷಾಢದ ಮಧ್ಯಾಹ್ನದ ಬೂದು ಬೆಳಕಿಗೂ ಇದೇ ಗತಿ. ಹೀಗೆ ಒರೆಸಿದ ಸಂಜೆಗಳನ್ನೇ ನೋಡುತ್ತಾ ಬೆಳೆದ ಮಗುವಿಗೆ ಗೋಧೂಳಿ ಎಂದರೆ ಏನೆಂದು ತೋರಿಸಬೇಕಾದರೆ ಬಯಲಿಗೇ ಕರೆದುಕೊಂಡು ಹೋಗಬೇಕು.

ಕಣ್ಣೂ ಇದ್ದದ್ದನ್ನು ಇದ್ದಹಾಗೆ ಕೊಡುವುದಿಲ್ಲ, ಅದನ್ನೂ ಹೇಳಬೇಕು. ಹಳದಿ ಬಲ್ಬಿನ ಕೆಳಗೆ ಮಲ್ಲಿಗೆ ದಂಡೆಯಿಂದ ಹೊರಡುವ ಬೆಳಕು ನಿಜಕ್ಕೂ ಹಳದಿಯೇ. ಆದರೂ ನಮಗೆ ಮಲ್ಲಿಗೆ ಬೆಳ್ಳಗೆ ಕಾಣುತ್ತದೆ. ಸುತ್ತಲಿನ ಬೆಳಕು ಎಂಥದ್ದು ಎಂದು ಮಿದುಳು ಊಹಿಸಿ, ಅಷ್ಟನ್ನು ಕಳೆದು, ಉಳಿದದ್ದನ್ನು ಹೂವಿನ ಬಣ್ಣ ಎಂದು ಒಪ್ಪಿಸುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಇದರದೇ ನಕಲು. ಆ ನಕಲು ಎಲ್ಲಿ ಎಡವುತ್ತದೆ ಎಂಬುದನ್ನು ಜಗತ್ತು 2020ರ ಸೆಪ್ಟೆಂಬರ್ 9ರಂದು ನೋಡಿತು. ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಹೊಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೇಲೆ ಕವಿದು, ಬೆಳಗಿನ ಹೊತ್ತಿನಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಜನ ಕಿಟಕಿ ತೆರೆದು ಫೋನ್ ಎತ್ತಿದರು. ಪರದೆಯ ಮೇಲೆ ಬಂದದ್ದು ಮಾಮೂಲಿ ಮೋಡದ ದಿನ, ಬೂದು ಆಕಾಶ! ಇಷ್ಟು ಕಿತ್ತಳೆಯಾದ ಹಗಲು ಇರಲಾರದು ಎಂದು ತೀರ್ಮಾನಿಸಿದ ಫೋನು ಆ ಬಣ್ಣವನ್ನೇ ಕಳೆದುಹಾಕಿತ್ತು. ತಾವು ಕಣ್ಣಾರೆ ಕಂಡದ್ದನ್ನು ತೋರಿಸಲು ಅವರು ಬೇರೆ ಆ್ಯಪ್ ಹುಡುಕಿ, ವೈಟ್ ಬ್ಯಾಲೆನ್ಸನ್ನು ಕೈಯಿಂದಲೇ ಸರಿಪಡಿಸಬೇಕಾಯಿತು. ಅಂದು ನಿಜ ಹೇಳುವುದಕ್ಕೆ ಬಣ್ಣ ತಿದ್ದಬೇಕಾಯಿತು. ಹಾಗಿರುವಾಗ ತಿದ್ದಿದ್ದೆಲ್ಲ ಸುಳ್ಳು, ತಿದ್ದದೇ ಇದ್ದದ್ದೆಲ್ಲ ನಿಜ ಎಂದು ಭಾಗ ಮಾಡುವುದು ಹೇಗೆ?

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. 1999ರಲ್ಲಿ ಅಮೆರಿಕದ ನೆವಾಡ ವಿಶ್ವವಿದ್ಯಾಲಯದ ಮೈಕೆಲ್ ವೆಬ್‌ಸ್ಟರ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಳಕ್ಕೆ ಒತ್ತಿದಂತೆ ಅಥವಾ ಹೊರಕ್ಕೆ ಉಬ್ಬಿದಂತೆ ತಿದ್ದಿದ ಮುಖಗಳನ್ನು ಜನರಿಗೆ ಸ್ವಲ್ಪ ಹೊತ್ತು ತೋರಿಸಿದರು. ಆಮೇಲೆ ತಿದ್ದದ, ಸಹಜವಾದ ಮುಖವನ್ನು ತೋರಿಸಿದರು. ಒತ್ತಿದ ಮುಖಗಳನ್ನು ನೋಡಿ ಬಂದವರಿಗೆ ಸಹಜ ಮುಖ ಉಬ್ಬಿದಂತೆ ಕಂಡಿತು. ಉಬ್ಬಿದ್ದನ್ನು ನೋಡಿ ಬಂದವರಿಗೆ ಒತ್ತಿದಂತೆ ಕಂಡಿತು. 2003ರಲ್ಲಿ ಆಸ್ಟ್ರೇಲಿಯಾದ ಗಿಲಿಯನ್ ರೋಡ್ಸ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತಿದ್ದಿದ ಮುಖಗಳನ್ನು ನೋಡಿದ ಮೇಲೆ ಯಾವುದು ಸಹಜ ಎಂಬ ಎಣಿಕೆಯ ಜೊತೆಗೆ ಯಾವುದು ಸುಂದರ ಎಂಬ ಎಣಿಕೆಯೂ ಅದೇ ದಿಕ್ಕಿಗೆ ಸರಿಯುತ್ತದೆ ಎಂದು ತೋರಿಸಿದರು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಈ ಪ್ರಯೋಗಗಳಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಲಿಲ್ಲ, ಮುಖ ತಿದ್ದಿದ್ದೆಂದು ಎದ್ದು ಕಾಣುತ್ತಿತ್ತು. ಆದರೂ ಕಣ್ಣು ಜರುಗಿತು. ಹಾಗಾಗಿ "ಅದು ಫಿಲ್ಟರ್ ಅಂತ ನನಗೆ ಗೊತ್ತಮ್ಮ" ಎಂದು ನಿಮ್ಮ ಮಗಳು ಹೇಳಿದರೆ ಅದು ನಿಜವೇ, ಅವಳು ಮೋಸ ಹೋಗಿಲ್ಲ. ಆದರೆ ಗೊತ್ತಿದ್ದ ಮಾತ್ರಕ್ಕೆ ಕಣ್ಣು ಸುಮ್ಮನಿರುವುದಿಲ್ಲ. ನಾಲಿಗೆಯ ಹಾಗೆ ಇದು. ಹೋಳಿಗೆ ತಿಂದ ಬಾಯಿಗೆ ಬಾಳೆಹಣ್ಣು ಸಪ್ಪೆ. ಹಣ್ಣಿನ ಸಿಹಿ ಕಡಿಮೆಯಾಗಿಲ್ಲ ಎಂದು ಎಷ್ಟು ತಿಳಿದಿದ್ದರೂ ನಾಲಿಗೆಗೆ ಸಪ್ಪೆಯೇ. ಹಂಪಿಗೆ ಹೋಗುವ ಮುಂಚೆ ನಿಮ್ಮ ಮಗಳು ಆ ರಥವನ್ನು ಪರದೆಯ ಮೇಲೆ ಎಷ್ಟೋ ಸಲ ನೋಡಿರುತ್ತಾಳೆ, ಬಹುಪಾಲು ಕಿತ್ತಳೆ ಕಲ್ಲು ಮತ್ತು ನೀಲಿ-ಹಸಿರು ಆಕಾಶದಲ್ಲಿ. ಚರ್ಮದ ಬಣ್ಣಕ್ಕೆ ಎದುರಾಗಿ ನಿಲ್ಲುವ ಬಣ್ಣ ಎಂದು ಸಿನಿಮಾದವರು ಹಿಡಿದ ಜೋಡಿ ಇದು. ಅಲ್ಲಿಂದ ಫೋನಿಗೆ ಇಳಿದಿದೆ. ಹಂಪಿಯ ಬಂಡೆ ನಿಜಕ್ಕೂ ಹೊಂಬಣ್ಣಕ್ಕೆ ತಿರುಗುತ್ತದೆ, ಆದರೆ ಸೂರ್ಯ ಮುಳುಗುವ ಮುಂಚಿನ ಸ್ವಲ್ಪ ಹೊತ್ತು ಮಾತ್ರ. ಫಿಲ್ಟರ್ ಆ ಸ್ವಲ್ಪ ಹೊತ್ತನ್ನು ದಿನವಿಡೀ ಹಿಗ್ಗಿಸಿಬಿಟ್ಟಿದೆ. ನೀವು ಬಹುಶಃ ಮಧ್ಯಾಹ್ನ ಹೋಗಿದ್ದಿರಿ.

ದೇಶ ದೇಶಗಳಿಗೂ ಹೀಗೆಯೇ ಬಣ್ಣ ಅಂಟಿಕೊಳ್ಳುತ್ತದೆ. ಹಾಲಿವುಡ್ ಚಿತ್ರಗಳಲ್ಲಿ ಕಥೆ ಮೆಕ್ಸಿಕೊಗೋ ಭಾರತಕ್ಕೋ ಬಂದ ಕೂಡಲೇ ಪರದೆ ಹಳದಿಯಾಗುವುದನ್ನು ನೀವು ನೋಡಿರಬಹುದು. ಸೆಕೆ, ಧೂಳು, ಬಡತನ ಎಲ್ಲವನ್ನೂ ಒಂದೇ ಬಣ್ಣದಲ್ಲಿ ಹೇಳಿ ಮುಗಿಸುವ ರೂಢಿ ಅದು.

ಹಿಂದಿನವರೂ ಈ ಗೀಳಿಗೆ ಬಿದ್ದಿದ್ದರು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಸರೋವರಗಳ ನಾಡಿಗೆ ಪ್ರವಾಸ ಹೋಗುತ್ತಿದ್ದ ಸಿರಿವಂತರು ಅಂಗೈಯಗಲದ ಒಂದು ಕನ್ನಡಿಯನ್ನು ಒಯ್ಯುತ್ತಿದ್ದರು. ಸ್ವಲ್ಪ ಉಬ್ಬಿದ, ಕಪ್ಪು ಛಾಯೆಯ ಕನ್ನಡಿ. ಹೆಸರು ಕ್ಲಾಡ್ ಗ್ಲಾಸ್. ಅದರಲ್ಲಿ ಬಿದ್ದ ಬೆಟ್ಟ ಕೆರೆಗಳೆಲ್ಲ ಹದವಾದ ಬಣ್ಣಕ್ಕೆ ಇಳಿದು, ಹಿಂದಿನ ಶತಮಾನದ ಕಲಾವಿದ ಕ್ಲಾಡ್ ಲೊರೇನ್ ಬರೆದ ಚಿತ್ರದಂತೆ ಕಾಣುತ್ತಿದ್ದವು. ನೋಡುವ ಕ್ರಮ ಹೇಗೆಂದರೆ, ಬೆಟ್ಟಕ್ಕೆ ಬೆನ್ನು ಹಾಕಿ ನಿಂತು ಕನ್ನಡಿಯಲ್ಲಿ ಬೆಟ್ಟವನ್ನು ನೋಡುವುದು. ಕವಿ ಥಾಮಸ್ ಗ್ರೇ 1769ರ ಪ್ರವಾಸದಲ್ಲಿ ಈ ಕನ್ನಡಿಯನ್ನು ತೆರೆದು ಹಿಡಿದಿದ್ದಾಗಲೇ ಕೆಸರು ದಾರಿಯಲ್ಲಿ ಹಿಮ್ಮುಖವಾಗಿ ಬಿದ್ದು ಬೆರಳ ಗಿಣ್ಣುಗಳಿಗೆ ಪೆಟ್ಟು ಮಾಡಿಕೊಂಡರು. ಹಂಪಿಯ ಮತಂಗ ಬೆಟ್ಟದ ಮೇಲೆ ಸೂರ್ಯಾಸ್ತಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ಹಿಡಿಯುವವರನ್ನು ಕಂಡಾಗಲೆಲ್ಲ ನನಗೆ ಆ ಕವಿಯ ನೆನಪಾಗುತ್ತದೆ.

ನಮ್ಮ ಕಾಲದ ಕನ್ನಡಿ ಶುರುವಾದದ್ದು 2010ರ ಬೇಸಿಗೆಯಲ್ಲಿ, ಮೆಕ್ಸಿಕೊದ ಕಡಲ ತೀರದಲ್ಲಿ. ಇನ್‌ಸ್ಟಾಗ್ರಾಂ ಕಟ್ಟುತ್ತಿದ್ದ ಕೆವಿನ್ ಸಿಸ್ಟ್ರಾಮ್ ಅವರಿಗೆ ಗೆಳತಿ ಒಂದು ಮಾತು ಹೇಳಿದರು: ನನ್ನ ಫೋಟೋಗಳು ಅಷ್ಟು ಚೆನ್ನಾಗಿ ಬರುವುದಿಲ್ಲ, ನಾನು ಅವನ್ನು ಹಾಕುವುದಿಲ್ಲ. ಸಿಸ್ಟ್ರಾಮ್ ಅಲ್ಲೇ ಕುಳಿತು ಮೊದಲ ಫಿಲ್ಟರ್ ಬರೆದರು. ಅದಕ್ಕೆ ಎಕ್ಸ್-ಪ್ರೋ 2 ಎಂದು ಹೆಸರಾಯಿತು. ಒಂದು ಬಗೆಯ ಫಿಲಂ ಅನ್ನು ಇನ್ನೊಂದು ಬಗೆಯ ಫಿಲಂನ ರಾಸಾಯನಿಕದಲ್ಲಿ ತೊಳೆದಾಗ ಬರುವ ವಿಚಿತ್ರ ಬಣ್ಣಗಳ ಅನುಕರಣೆ ಅದು. ಸ್ಟುಡಿಯೋದಲ್ಲಿ ಹಾಗಾದರೆ ನಮಗೆ ಬೈಗುಳ ಬೀಳುತ್ತಿತ್ತು. ಗಮನಿಸಿ, ಅದು ಹುಟ್ಟಿದ್ದು ಅಂಜಿಕೆ ಬಿಡಿಸುವುದಕ್ಕೆ. ಆ ಉದ್ದೇಶ ನನಗೆ ಇಂದಿಗೂ ಒಳ್ಳೆಯದೆಂದೇ ಕಾಣುತ್ತದೆ. ಆಮೇಲೆ ಎಣಿಕೆ ಬಂತು. 2015ರಲ್ಲಿ ಪ್ರಕಟವಾದ, ಫೋಟೋ ಹಂಚಿಕೊಳ್ಳುವ ಜಾಲತಾಣ ಫ್ಲಿಕರ್‌ನ ಲಕ್ಷಾಂತರ ಫೋಟೋಗಳ ಅಧ್ಯಯನವೊಂದು, ಫಿಲ್ಟರ್ ಹಾಕಿದವನ್ನು ಜನ ನೋಡುವ ಸಾಧ್ಯತೆ ಶೇ 21ರಷ್ಟು, ಅವಕ್ಕೆ ಕಮೆಂಟ್ ಬರುವ ಸಾಧ್ಯತೆ ಶೇ 45ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಬಣ್ಣ ಬೆಚ್ಚಗಾದಷ್ಟು ಮೆಚ್ಚುಗೆ. ಮೆಚ್ಚುಗೆ ಸಿಕ್ಕಿದ್ದು ಮುಂದೆ ಬರುತ್ತದೆ, ಮುಂದೆ ಬಂದದ್ದನ್ನು ಎಲ್ಲರೂ ನೋಡುತ್ತಾರೆ, ನೋಡಿದ್ದಕ್ಕೆ ಕಣ್ಣು ಒಗ್ಗುತ್ತದೆ.

ಮುಖದ ವಿಷಯ ಇನ್ನೂ ಸೂಕ್ಷ್ಮ. ಕಲ್ಲಿಗೆ ಬಣ್ಣ ಹಚ್ಚಿದರೆ ಕಲ್ಲು ನೊಂದುಕೊಳ್ಳುವುದಿಲ್ಲ. ಬ್ಯೂಟಿ ಫಿಲ್ಟರ್ ಮೊದಲು ಮುಖದ ಮೇಲೆ ನೂರಾರು ಗುರುತುಗಳನ್ನು ಹಿಡಿಯುತ್ತದೆ: ಕಣ್ಣಿನ ತುದಿ, ಹುಬ್ಬಿನ ಬಾಗು, ತುಟಿಯ ಅಂಚು, ದವಡೆಯ ಗೆರೆ. ಗೂಗಲ್‌ನ ಒಂದು ಸಾಧನ 468 ಗುರುತುಗಳನ್ನು ಹಿಡಿಯುತ್ತದೆ. ಅವುಗಳ ನಡುವೆ ತ್ರಿಕೋನಗಳ ಬಲೆ ಹೆಣೆದು, ಬಲೆಯನ್ನು ಎಳೆದಂತೆ ಮುಖವನ್ನು ಎಳೆಯುತ್ತದೆ. ದವಡೆ ಕಿರಿದು, ಕಣ್ಣು ಅಗಲ, ಮೂಗು ಸಪೂರ. ಚರ್ಮದ ರಂಧ್ರಗಳನ್ನೆಲ್ಲ ಸವರಿಹಾಕಿ, ಹುಬ್ಬು ರೆಪ್ಪೆಗಳ ಅಂಚನ್ನು ಮಾತ್ರ ಚೂಪಾಗಿ ಉಳಿಸುತ್ತದೆ. ಕೊನೆಗೆ, ಬಹಳಷ್ಟು ಫಿಲ್ಟರ್‌ಗಳು, ಚರ್ಮವನ್ನು ಒಂದೆರಡು ಮೆಟ್ಟಿಲು ಬೆಳ್ಳಗೆ ಮಾಡುತ್ತವೆ.

ಈ ಬಿಳುಪಿನ ಹಿಂದೆ ಉದ್ದನೆಯ ಕಥೆ ಇದೆ. 1950ರ ದಶಕದಿಂದ ಕೊಡಾಕ್ ಕಂಪನಿ ಬಣ್ಣದ ಪ್ರಿಂಟ್ ಹಾಕುವ ಲ್ಯಾಬ್‌ಗಳಿಗೆ ಮಾದರಿ ಕಾರ್ಡುಗಳನ್ನು ಕಳುಹಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಚಿತ್ರ; ಮೊದಲ ರೂಪದರ್ಶಿಯ ಹೆಸರಿನಿಂದ ಅವಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರು. ಆ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ಕಪ್ಪು ಚರ್ಮದ ಏರಿಳಿತಗಳು ಅಲ್ಲಿ ಮಸಿಯಾಗಿ ಹೋಗುತ್ತಿದ್ದವು. ಕಂಪನಿ ಫಿಲಂ ಅನ್ನು ಸುಧಾರಿಸಲು ಹೊರಟಾಗಲೂ, ಅದಕ್ಕೆ ದೊಡ್ಡ ಒತ್ತಡ ಬಂದದ್ದು ಮರದ ಪೀಠೋಪಕರಣ ಮತ್ತು ಚಾಕೊಲೇಟ್ ತಯಾರಕರ ದೂರಿನಿಂದ ಎಂದು ಅಲ್ಲಿ ಕೆಲಸ ಮಾಡಿದವರೇ ನೆನಪಿಸಿಕೊಂಡಿದ್ದಾರೆ. ತಮ್ಮ ಸರಕಿನ ಕಂದು ಬಣ್ಣದ ಬಗೆಗಳು ಫೋಟೋದಲ್ಲಿ ಬೇರೆ ಬೇರೆಯಾಗಿ ಕಾಣುತ್ತಿಲ್ಲ ಎಂಬುದು ಅವರ ದೂರು. ಕಂಪ್ಯೂಟರ್ ಬಂದ ಮೇಲೂ ಇದು ಬಿಡಲಿಲ್ಲ. 2017ರಲ್ಲಿ ಫೇಸ್‌ಆ್ಯಪ್ ಎಂಬ ಆ್ಯಪ್‌ನಲ್ಲಿ ಮುಖವನ್ನು ಆಕರ್ಷಕಗೊಳಿಸುವ ಫಿಲ್ಟರ್ ಒತ್ತಿದರೆ ಚರ್ಮ ಬಿಳುಪಾಗುತ್ತಿತ್ತು. ಕಲಿಕೆಗೆ ಬಳಸಿದ ಚಿತ್ರಗಳಲ್ಲಿದ್ದ ಪಕ್ಷಪಾತ ಇದು ಎಂದು ಅದರ ಮುಖ್ಯಸ್ಥರು ಕ್ಷಮೆ ಕೇಳಿದರು.

ನಮ್ಮಲ್ಲಿ ಈ ಬೀಜ ಬೀಳುವುದಕ್ಕೆ ನೆಲ ಮೊದಲೇ ಹದವಾಗಿತ್ತು. ಹೆಣ್ಣು ನೋಡಲು ಬಂದವರು ಬಣ್ಣ ಕೇಳುವ ಊರು ನಮ್ಮದು. "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂದು ನಮ್ಮ ಸ್ಟುಡಿಯೋದ ಬಾಗಿಲಲ್ಲಿ ತಾಯಂದಿರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಮಾಡಿಕೊಟ್ಟಿದ್ದೇವೆ. ಎಣ್ಣೆಗಪ್ಪಿನ ಎಷ್ಟು ಸುಂದರ ಮುಖಗಳನ್ನು ಹಾಗೆ ಕೆಡಿಸಿದೆವೋ ಎಂದು ಈಗ ಸಂಕಟವಾಗುತ್ತದೆ. ಆದರೆ ಅಂದು ಆ ತಾಯಿ ಬಾಯಿ ಬಿಟ್ಟು ಕೇಳಬೇಕಿತ್ತು. ಬಹಳ ಫೋನುಗಳಲ್ಲಿ ಯಾರೂ ಕೇಳದೆಯೇ ಅದು ಚಾಲೂ ಆಗಿಯೇ ಬರುತ್ತಿತ್ತು, ಈಗಲೂ ಕೆಲವದರಲ್ಲಿ ಬರುತ್ತದೆ. 2020ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 4ಎ ಫೋನಿನಿಂದ ಮುಂದೆ ಮುಖ ತಿದ್ದುವ ಸೌಲಭ್ಯವನ್ನು ಮೊದಲಿಗೆ ಆಫ್ ಆಗಿಯೇ ಕೊಡುವುದಾಗಿ ಹೇಳಿತು; ಬೇಕಾದವರು ಹಾಕಿಕೊಳ್ಳಬೇಕು. 2022ರ ಜುಲೈ 1ರಿಂದ ನಾರ್ವೆಯಲ್ಲಿ ದೇಹವನ್ನೋ ಮುಖವನ್ನೋ ತಿದ್ದಿದ ಜಾಹೀರಾತಿನ ಮೇಲೆ ಹಾಗೆಂದು ಚೀಟಿ ಅಂಟಿಸುವುದು ಕಾನೂನು. ಚೀಟಿಯಿಂದ ಜನಕ್ಕೆ ವಿಷಯ ತಿಳಿಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಮೊದಲೇ ಹೇಳಿದಂತೆ, ತಿಳಿದರೂ ಕಣ್ಣು ಜರುಗುತ್ತದೆ. ಮೊದಲಿಗೇ ಆಫ್ ಆಗಿರುವುದರ ಮೇಲೆ ನನಗೆ ಹೆಚ್ಚು ಭರವಸೆ.

ನಿಮ್ಮ ಮಗಳು ನೀವು ತೆಗೆದ ಫೋಟೋವನ್ನು ಅಳಿಸುವುದಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದರಲ್ಲಿ ಅವಳ ತಪ್ಪೂ ಇಲ್ಲ, ನಿಮ್ಮದೂ ಇಲ್ಲ. ತೋಳಿನ ಅಳತೆಯಲ್ಲಿ ಹಿಡಿದ ಫೋನಿಗೆ ಮೂಗು ಹತ್ತಿರ, ಕಿವಿ ದೂರ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಒಂದು ಅಡಿ ದೂರದಿಂದ ತೆಗೆದ ಫೋಟೋದಲ್ಲಿ ಮೂಗು ಐದು ಅಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಹತ್ತಿರದಿಂದ ತೆಗೆದು, ಮೂಗು ದಪ್ಪ ಎಂದು ನೊಂದುಕೊಂಡು, ಅದನ್ನು ಫಿಲ್ಟರಿನಿಂದ ಸಪೂರ ಮಾಡಿಕೊಳ್ಳುವ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. ಐದಾರು ಅಡಿ ಹಿಂದೆ ಸರಿದು, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಸ್ವಲ್ಪ ಝೂಮ್ ಮಾಡಿ ತೆಗೆಯಿರಿ. ಬಹಳಷ್ಟು ಸಲ ಜಗಳ ಅಲ್ಲಿಗೇ ಮುಗಿಯುತ್ತದೆ. ಕನ್ನಡಿಯಲ್ಲಿ ಅವಳು ದಿನವೂ ನೋಡುವ ಮುಖ ಎಡಬಲ ಅದಲುಬದಲಾದದ್ದು. ನೀವು ತೆಗೆದ ಫೋಟೋ ಉಳಿದವರಿಗೆ ಕಾಣುವ ಮುಖ. 1977ರಷ್ಟು ಹಿಂದೆಯೇ ಒಂದು ಪ್ರಯೋಗದಲ್ಲಿ ಜನ ತಮ್ಮ ಕನ್ನಡಿ ಮುಖವನ್ನೂ ಅವರ ಸ್ನೇಹಿತರು ನಿಜ ಮುಖವನ್ನೂ ಮೆಚ್ಚಿದ್ದರು. ಅವಳಿಗೆ ಈ ಮಾತು ಹೇಳಿ. "ನಿನಗೆ ಅಪರಿಚಿತವಾಗಿ ಕಾಣುವ ಈ ಮುಖವೇ ನಮಗೆಲ್ಲ ಪ್ರೀತಿಯದು" ಎಂಬುದು ಬರೀ ತಾಯಿಯ ಸಮಾಧಾನದ ಮಾತಲ್ಲ.

ಆ್ಯನ್ಸೆಲ್ ಆ್ಯಡಮ್ಸ್ ಬಗ್ಗೆ ಹೇಳುವಾಗ ಆರಿಸಿಕೊಂಡವರು ಯಾರು ಎಂಬ ಮಾತನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ನನಗೆ ಅದರ ಬೆಲೆ ತಿಳಿದದ್ದು ಸ್ಟುಡಿಯೋದಲ್ಲೇ. ಒಂದು ದಿನ ನಡುವಯಸ್ಸಿನ ಹೆಂಗಸೊಬ್ಬರು ಹಳೆಯ ಫೋಟೋ ಹಿಡಿದುಕೊಂಡು ಬಂದರು. ತೀರಿಕೊಂಡ ತಾಯಿಯದು, ದೊಡ್ಡದು ಮಾಡಿ ಕಟ್ಟು ಹಾಕಿಸಬೇಕಿತ್ತು. ಹೇಳುತ್ತಾ ಹೇಳುತ್ತಾ ಬೆರಳಿನಿಂದ ಫೋಟೋದ ತುಟಿಯ ಕೆಳಗೆ ಸವರಿ, "ಇಲ್ಲಿ ಅಮ್ಮನಿಗೆ ಒಂದು ಮಚ್ಚೆ ಇತ್ತು. ಇದರಲ್ಲಿ ಇಲ್ಲ. ಮಚ್ಚೆ ಇಲ್ಲದ ಅಮ್ಮನನ್ನು ನಾನು ನೋಡಿಯೇ ಇಲ್ಲ" ಎಂದರು. ತಂದೆ ಫೋಟೋದ ಹಿಂದಿನ ನಂಬರ್ ನೋಡಿ, ಅಟ್ಟದಿಂದ ನೆಗೆಟಿವ್‌ನ ಲಕೋಟೆ ಇಳಿಸಿದರು. ಹತ್ತಿಗೆ ಟರ್ಪೆಂಟೈನ್ ಅದ್ದಿ ಮೆಲ್ಲಗೆ ಒರೆಸಿದರು. ವಾರ್ನಿಷ್ ಕರಗಿತು, ಅದರ ಜೊತೆಗೆ ಪೆನ್ಸಿಲ್ಲಿನ ಚುಕ್ಕಿಗಳೂ ಎದ್ದು ಬಂದವು. ಹಾಲುಗಾಜಿನ ಮೇಲೆ ಇಟ್ಟಾಗ ಎಳ್ಳಿನಷ್ಟು ಜಾಗದಲ್ಲಿ ಮತ್ತೆ ಬೆಳಕು ಸೋರಿತು. ಆ ಮಚ್ಚೆಯನ್ನು ಮುಚ್ಚಿದ ಕೈ ನನ್ನದು. ಪ್ರಿಂಟ್ ನೋಡಿ ಅವರು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು.

ನಮ್ಮ ಪೆನ್ಸಿಲ್ ಒರೆಸಿದರೆ ಹೋಗುತ್ತಿತ್ತು. ಈಗ ಹಲವು ಆ್ಯಪ್‌ಗಳು ಫಿಲ್ಟರ್ ಹಾಕಿಕೊಂಡೇ ತೆಗೆಯುವ ಫೋಟೋದ ಕೆಳಗೆ ಯಾವ ಮೂಲವನ್ನೂ ಉಳಿಸುವುದಿಲ್ಲ. ನಿಮ್ಮ ಮಗಳಿಗೆ ಮೂವತ್ತಾದಾಗ ತನ್ನ ಹದಿನಾರರ ಮುಖ ಬೇಕೆನಿಸಿದರೆ ಒರೆಸಿ ನೋಡಲು ಏನೂ ಇರುವುದಿಲ್ಲ. ಅವಳ ಹತ್ತಿರ ಒಂದೇ ಒಂದು ಒಪ್ಪಂದ ಮಾಡಿಕೊಳ್ಳಿ: ಫಿಲ್ಟರ್ ಎಷ್ಟು ಬೇಕಾದರೂ ಹಾಕಲಿ, ಆದರೆ ಫೋನಿನ ಸಾಮಾನ್ಯ ಕ್ಯಾಮೆರಾದಲ್ಲಿ, ಬ್ಯೂಟಿ ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿ, ಮೊದಲು ಒಂದು ತೆಗೆದಿಡಲಿ. ಆಮೇಲೆ ಬಣ್ಣ. ಅಳಿಸುವ ಮುಂಚೆ ನಿಮಗೆ ಒಂದು ಪ್ರತಿ ಕಳುಹಿಸಲಿ; ನೀವು ಅದನ್ನು ಯಾರಿಗೂ ತೋರಿಸಬೇಡಿ, ಎಲ್ಲಿಯೂ ಹಾಕಬೇಡಿ, ಇಟ್ಟುಕೊಳ್ಳಿ.

ಕಣ್ಣಿನ ವಿಷಯಕ್ಕೆ ನನ್ನ ವಿದ್ಯಾರ್ಥಿಗಳಿಂದ ಮಾಡಿಸುವ ಅಭ್ಯಾಸವನ್ನೇ ನಿಮಗೂ ಹೇಳುತ್ತೇನೆ. ಹಂಪಿಗೇ ಹೋಗಬೇಕಿಲ್ಲ, ನಿಮಗೆ ದೇವರಾಯನದುರ್ಗ ಹತ್ತಿರವಿದೆ. ಸಂಜೆ ನಾಲ್ಕಕ್ಕೆ ಹೋಗಿ ಒಂದು ಬಂಡೆಯ ಎದುರು ಕುಳಿತುಕೊಳ್ಳಿ. ಫೋನು ಚೀಲದಲ್ಲಿರಲಿ. ಅರ್ಧ ಗಂಟೆಗೊಮ್ಮೆ ಬಂಡೆಯ ಬಣ್ಣವನ್ನು ಕನ್ನಡದಲ್ಲಿ ಬರೆಯಿರಿ. ಕಿತ್ತಳೆ, ಬೂದು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಬೇಡ; ಸೀರೆ ಅಂಗಡಿಯಲ್ಲಿ ಕುಳಿತಂತೆ ಹುಡುಕಿ ಬರೆಯಬೇಕು. ನನ್ನ ತರಗತಿಯ ಹುಡುಗಿಯೊಬ್ಬಳು ಒಂದೇ ಬಂಡೆಗೆ ಹೀಗೆ ಬರೆದಿದ್ದಳು: ಒಲೆಯ ಬೂದಿ, ಆನೆಯ ಬೆನ್ನು, ರಾಗಿ ಹಿಟ್ಟು, ನೆರಳಿದ್ದ ಕಡೆ ನೇರಳೆ, ಪಾಚಿ ಒಣಗಿದ ಜಾಗದಲ್ಲಿ ಸುಣ್ಣ, ಆಮೇಲೆ ಹಳೆಯ ತಾಮ್ರದ ಚೊಂಬು. ಕತ್ತಲಾಗುವ ಹೊತ್ತಿಗೆ ಗಂಟೆ 6.40 ಎಂದು ಬರೆದು, ಬಣ್ಣದ ಜಾಗದಲ್ಲಿ "ಹೆಸರು ಸಿಗಲಿಲ್ಲ, ಇನ್ನೂ ಕಾಣುತ್ತಿದೆ" ಎಂದು ಬರೆದಿದ್ದಳು. ಪಟ್ಟಿ ಮುಗಿದ ಮೇಲೆ ಫೋನ್ ತೆಗೆದು ಒಂದು ಫೋಟೋ ತೆಗೆಯಲಿ, ಬೇಕಾದ ಫಿಲ್ಟರ್ ಹಾಕಲಿ, ಪಟ್ಟಿಯ ಪಕ್ಕದಲ್ಲಿಟ್ಟು ನೋಡಲಿ. ಪುಸ್ತಕ, ಪೆನ್ಸಿಲ್ ಇಬ್ಬರಿಗೂ ಬೇರೆ ಬೇರೆ ಇರಲಿ. ನೀವೂ ಬರೆಯಿರಿ, ನಿಮ್ಮಿಬ್ಬರ ಪಟ್ಟಿ ಒಂದೇ ಆಗಿರುವುದಿಲ್ಲ.